ಹೊರಮೈಯ ಲೆಕ್ಕ: ಗ್ರೆನ್‌ಫೆಲ್ ಟವರ್ ನವೀಕರಣದ ಒಂದು ಪ್ರಕರಣ ಅಧ್ಯಯನ

ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಎಬ್ಬಿಸುವುದಕ್ಕಿಂತ, ಇದ್ದುದನ್ನೇ ಉಳಿಸಿಕೊಂಡು ಗೋಡೆಗಳಿಗೆ ಉಷ್ಣನಿರೋಧಕ ಹೊದಿಸಿ, ಕಿಟಕಿಗಳನ್ನು ಬದಲಿಸಿ, ಇನ್ನೂ ಕೆಲವು ದಶಕ ಬಳಸುವುದು ಪರಿಸರಕ್ಕೆ ಒಳ್ಳೆಯದು ಎಂಬ ಮಾತಿಗೆ ಇಂದು ವಾಸ್ತುಶಿಲ್ಪಿಗಳಲ್ಲಿ ಹೆಚ್ಚಿನ ವಿರೋಧವಿಲ್ಲ. ಕಾಂಕ್ರೀಟ್ ತಯಾರಿಸಲು ಒಮ್ಮೆ ಖರ್ಚಾದ ಇಂಗಾಲವನ್ನು ಎರಡನೇ ಬಾರಿ ಖರ್ಚು ಮಾಡಬೇಕಾಗುವುದಿಲ್ಲ. ಚಳಿಗಾಲದ ಇಂಧನ ಉಳಿಯುತ್ತದೆ. ಬಡ ಕುಟುಂಬಗಳ ತಿಂಗಳ ಖರ್ಚೂ ಇಳಿಯುತ್ತದೆ. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2012ರಿಂದ 2016ರವರೆಗೆ ಯೋಜನೆಗೊಂಡು ಮುಗಿದ ನವೀಕರಣ ಕಾಗದದ ಮೇಲೆ ಇಂಥದೇ ಕೆಲಸವಾಗಿತ್ತು. ಅದು ಪೂರ್ಣಗೊಂಡ ಮರುವರ್ಷ, 2017ರ ಜೂನ್ 14ರ ನಸುಕಿನಲ್ಲಿ, ಒಂದು ಅಡುಗೆಮನೆಯ ಫ್ರಿಜ್‌ನಲ್ಲಿ ಕಾಣಿಸಿಕೊಂಡ ಬೆಂಕಿ ಇಡೀ ಗೋಪುರವನ್ನು ಆವರಿಸಿ 72 ಜನರನ್ನು ಬಲಿ ಪಡೆಯಿತು. ಅವರಲ್ಲಿ 18 ಮಂದಿ ಮಕ್ಕಳು.

ಆ ರಾತ್ರಿಯ ಬಗ್ಗೆ ಬಹಳಷ್ಟು ಬರೆಯಲಾಗಿದೆ. ಈ ಅಧ್ಯಯನಕ್ಕೆ ಅದಕ್ಕಿಂತ ಮುಖ್ಯವಾದುದು ಅದರ ಹಿಂದಿನ ನಾಲ್ಕೈದು ವರ್ಷಗಳಲ್ಲಿ ನಕ್ಷೆಯ ಮೇಜಿನ ಸುತ್ತ ನಡೆದದ್ದು: ಒಂದು ಗೋಡೆಯ ಹೊರಮೈ ಯಾರಿಗಾಗಿ, ಯಾವ ಲೆಕ್ಕದಲ್ಲಿ, ಯಾರನ್ನು ಕೇಳಿ ನಿರ್ಧಾರವಾಯಿತು ಎಂಬ ವಿಚಾರ. ಶಾಖ ಉಳಿಸುವ ಗುರಿಯೇ ಈ ದುರಂತಕ್ಕೆ ಕಾರಣ ಎಂದು ಆಗ ಕೆಲವರು ವಾದಿಸಿದ್ದುಂಟು. ಆ ವಾದ ಒಪ್ಪತಕ್ಕದ್ದಲ್ಲ. ಗುರಿ ಸರಿಯಾಗಿಯೇ ಇತ್ತು. ಆದರೆ ಕಟ್ಟಡದ ಒಳಗಿರುವವರಿಗೆ ನಿರ್ಧಾರದಲ್ಲಿ ಪಾಲಿಲ್ಲದಾಗ, ಸುಸ್ಥಿರತೆಯ ಲಾಭವನ್ನು ಒಬ್ಬರು ಲೆಕ್ಕ ಹಾಕುತ್ತಾರೆ, ಅದರ ಅಪಾಯವನ್ನು ಮತ್ತೊಬ್ಬರು ಹೊರುತ್ತಾರೆ.

ಗೋಪುರ ಮತ್ತು ಅದರ ನೆರೆ

ಗ್ರೆನ್‌ಫೆಲ್ ಇರುವುದು ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಬರೋದ ಉತ್ತರ ಭಾಗದಲ್ಲಿ. ಬ್ರಿಟನ್ನಿನ ಅತಿ ಸಿರಿವಂತ ಸ್ಥಳೀಯ ಆಡಳಿತ ಪ್ರದೇಶಗಳಲ್ಲಿ ಇದೂ ಒಂದು. ಇಲ್ಲಿ ಮನೆಯ ಸರಾಸರಿ ಬೆಲೆ ಹತ್ತು ಲಕ್ಷ ಪೌಂಡ್ ದಾಟುತ್ತದೆ. ಗೋಪುರ ನಿಂತ ನೆಲ ಮಾತ್ರ ಇಂಗ್ಲೆಂಡಿನ ಅತಿ ಹಿಂದುಳಿದ ಶೇ. 10ರಷ್ಟು ಪ್ರದೇಶಗಳ ಪಟ್ಟಿಯಲ್ಲಿತ್ತು. ಒಂದೇ ಕೌನ್ಸಿಲ್, ಒಂದೇ ತೆರಿಗೆ ವ್ಯವಸ್ಥೆ, ಹತ್ತಿಪ್ಪತ್ತು ನಿಮಿಷ ನಡೆದರೆ ಎರಡು ಬೇರೆ ಬೇರೆ ಲೋಕಗಳು.

ಇಪ್ಪತ್ತನೆಯ ಶತಮಾನದ ಅರವತ್ತರ ದಶಕದಲ್ಲಿ ಇಲ್ಲಿನ ಕಿಕ್ಕಿರಿದ, ಶಿಥಿಲ ಬಾಡಿಗೆ ಮನೆಗಳನ್ನು ತೆರವುಗೊಳಿಸಿ ಲ್ಯಾಂಕಾಸ್ಟರ್ ವೆಸ್ಟ್ ಎಂಬ ವಸತಿ ಸಮುಚ್ಚಯವನ್ನು ಯೋಜಿಸಲಾಯಿತು. 1974ರಲ್ಲಿ ಪೂರ್ಣಗೊಂಡ 24 ಅಂತಸ್ತಿನ ಗ್ರೆನ್‌ಫೆಲ್ ಅದರ ಭಾಗ. ಮೇಲಿನ 20 ಅಂತಸ್ತುಗಳಲ್ಲಿ ತಲಾ ಆರರಂತೆ 120 ಮನೆಗಳಿದ್ದವು. ಮನೆಯೊಂದಕ್ಕೆ ಇರಬೇಕಾದ ಕನಿಷ್ಠ ವಿಸ್ತೀರ್ಣವನ್ನು ಹೇಳುವ ಪಾರ್ಕರ್ ಮಾರಿಸ್ ಮಾನದಂಡಗಳು ಸಾರ್ವಜನಿಕ ವಸತಿಗೆ ಕಡ್ಡಾಯವಾಗಿದ್ದ ಕಾಲ ಅದು. ಆದ್ದರಿಂದ ಮನೆಗಳು ಇಂದಿನ ಅನೇಕ ಖಾಸಗಿ ಅಪಾರ್ಟ್‌ಮೆಂಟುಗಳಿಗಿಂತ ವಿಶಾಲವಾಗಿಯೇ ಇದ್ದವು. ಬಡವರಿಗೆಂದು ಕಟ್ಟಿದ ಬಹುಮಹಡಿ ಕಟ್ಟಡವೆಂದರೆ ಕಳಪೆ ಎಂದು ಮೊದಲೇ ತೀರ್ಮಾನಿಸುವವರು ಈ ಸಂಗತಿಯನ್ನು ಗಮನಿಸಬೇಕು. ಸುಟ್ಟು ಕರಕಲಾದ ಮೇಲೂ ನೆಟ್ಟಗೆ ನಿಂತಿದ್ದದ್ದು ಆ ಮೂಲ ಕಾಂಕ್ರೀಟ್ ಚೌಕಟ್ಟೇ.

ಮೂಲ ವಿನ್ಯಾಸದ ಅಗ್ನಿಸುರಕ್ಷೆಗೆ ಒಂದು ಸರಳ ತರ್ಕವಿತ್ತು. ಪ್ರತಿಯೊಂದು ಮನೆಯೂ ಬೆಂಕಿಯನ್ನು ತಡೆದಿಡುವ ಕಾಂಕ್ರೀಟ್ ಪೆಟ್ಟಿಗೆ. ಒಂದು ಮನೆಯಲ್ಲಿ ಬೆಂಕಿ ಬಿದ್ದರೆ ಅದು ಅಲ್ಲೇ ಉರಿದು ಆರುತ್ತದೆ. ಉಳಿದವರು ತಮ್ಮ ಮನೆಗಳಲ್ಲೇ ಬಾಗಿಲು ಮುಚ್ಚಿಕೊಂಡು ಇರಬಹುದು. ಇಡೀ ಕಟ್ಟಡಕ್ಕೆ ಒಂದೇ ಮೆಟ್ಟಿಲು ಸಾಕೆಂದು, ಅದರ ಅಗಲ ಒಂದು ಮೀಟರಿಗಿಂತ ತುಸುವೇ ಹೆಚ್ಚಿದ್ದರೂ ಸಾಕೆಂದು ತೀರ್ಮಾನಿಸಿದ್ದು ಈ ತರ್ಕದ ಬಲದಿಂದಲೇ. ಎಲ್ಲರೂ ಒಟ್ಟಿಗೆ ಇಳಿಯುವ ಪ್ರಸಂಗವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಾಗಾಗಿ ಇಡೀ ಕಟ್ಟಡಕ್ಕೆ ಒಮ್ಮೆಗೇ ಮೊಳಗುವ ಎಚ್ಚರಿಕೆ ಗಂಟೆಯೂ ಇರಲಿಲ್ಲ. ಈ ವ್ಯವಸ್ಥೆ ನಿಲ್ಲಬೇಕಾದರೆ ಪೆಟ್ಟಿಗೆಗಳನ್ನು ಒಂದಕ್ಕೊಂದು ಜೋಡಿಸುವ, ಉರಿಯಬಲ್ಲ ವಸ್ತು ಹೊರಗಡೆ ಇರಕೂಡದು. 1974ರಲ್ಲಿ ಹೊರಗಡೆ ಇದ್ದದ್ದು ಬರಿಯ ಕಾಂಕ್ರೀಟ್.

ಯಾರ ಕಣ್ಣಿಗೆ

ಗೋಪುರದ ಪಕ್ಕದಲ್ಲಿ ಹೊಸ ಶಾಲೆ ಮತ್ತು ಕ್ರೀಡಾಕೇಂದ್ರದ ನಿರ್ಮಾಣ ಆರಂಭವಾದಾಗ, ಅದರ ಬಗಲಲ್ಲಿ ಮಸುಕಾದ ಕಾಂಕ್ರೀಟ್ ಗೋಪುರ ಚೆನ್ನಾಗಿ ಕಾಣುವುದಿಲ್ಲ ಎಂಬ ಚಿಂತೆ ಆಡಳಿತದ ಕಡೆಯಿಂದ ಮೂಡಿತು. ನವೀಕರಣದ ಅಗತ್ಯ ನಿಜವಾಗಿಯೂ ಇತ್ತೆಂಬುದನ್ನು ಮರೆಯಬಾರದು. ಕಿಟಕಿಗಳು ಹಳತಾಗಿದ್ದವು, ಬಿಸಿ ಮಾಡುವ ವ್ಯವಸ್ಥೆ ನಿವಾಸಿಗಳ ಹತೋಟಿಯಲ್ಲಿರಲಿಲ್ಲ, ಚಳಿಗಾಲದಲ್ಲಿ ಗೋಡೆಗಳ ಮೂಲಕ ಶಾಖ ಸೋರುತ್ತಿತ್ತು. ಯೋಜನಾ ಅನುಮತಿಗಾಗಿ ಸಲ್ಲಿಸಿದ ದಾಖಲೆಗಳಲ್ಲಿ ಶಾಖ ಉಳಿತಾಯದ ಮಾತಿನ ಜೊತೆಗೆ ಇನ್ನೊಂದು ಸಮರ್ಥನೆಯೂ ಇತ್ತು: ಗೋಪುರ ಎತ್ತರವಾಗಿರುವುದರಿಂದ ಸುತ್ತಲಿನ ಸಂರಕ್ಷಿತ ಪಾರಂಪರಿಕ ಬಡಾವಣೆಗಳಿಂದ ಕಾಣುತ್ತದೆ, ಹೊಸ ಹೊದಿಕೆಯಿಂದ ಅಲ್ಲಿಂದ ನೋಡುವವರಿಗೆ ಅದರ ರೂಪ ಸುಧಾರಿಸುತ್ತದೆ. ಕಟ್ಟಡದ ಒಳಗಿರುವವರಷ್ಟೇ ಅದನ್ನು ದೂರದಿಂದ ನೋಡುವವರೂ ವಿನ್ಯಾಸದ ಗ್ರಾಹಕರಾದ ಬಗೆ ಇದು. ಹಾಗೆ ನೋಡಿದರೆ ಚೆಂದ ಕಾಣುವ ಹಂಬಲದಲ್ಲಿ ತಪ್ಪೇನೂ ಇಲ್ಲ. ಬಡವರ ಮನೆ ಕುರೂಪವಾಗಿಯೇ ಇರಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಇಲ್ಲಿ ಅಂದಕ್ಕಾಗಿ ಕೈಗೊಂಡ ಒಂದೊಂದು ಆಯ್ಕೆಯೂ ಬೆಂಕಿಗೆ ಹೇಗೆ ದಾರಿ ಮಾಡಿತು ಎಂಬುದನ್ನು ಹತ್ತಿರದಿಂದ ನೋಡಬೇಕು.

ಮೊದಲು ಹಲಗೆ. ಹೊದಿಕೆಗೆ ಆಯ್ದದ್ದು ನಾಲ್ಕು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಸಂಯುಕ್ತ ಹಲಗೆ: ಎರಡು ಬದಿಯಲ್ಲಿ ತಲಾ ಅರ್ಧ ಮಿಲಿಮೀಟರ್ ಅಲ್ಯೂಮಿನಿಯಂ, ನಡುವೆ ಮೂರು ಮಿಲಿಮೀಟರ್ ಪಾಲಿಎಥಿಲೀನ್. ಅಂದರೆ ಲೋಹದ ಹಾಗೆ ಕಾಣುವ ಆ ಹಲಗೆಯ ದಪ್ಪದಲ್ಲಿ ಮುಕ್ಕಾಲು ಪಾಲು ಪ್ಲಾಸ್ಟಿಕ್. ಅದನ್ನು ಗೋಡೆಗೆ ಕೂರಿಸುವ ಕ್ರಮಗಳು ಎರಡು. ಚಪ್ಪಟೆ ಹಲಗೆಯನ್ನು ಹೊರಗಿನಿಂದ ರಿವೆಟ್ ಹೊಡೆದು ನಿಲ್ಲಿಸಬಹುದು. ಇಲ್ಲವೇ ಅಂಚುಗಳನ್ನು ಮಡಚಿ ತಟ್ಟೆಯಂತೆ ಮಾಡಿ ಹಳಿಗೆ ನೇತುಹಾಕಬಹುದು. ಎರಡನೆಯದರಲ್ಲಿ ರಿವೆಟ್‌ಗಳು ಕಾಣುವುದಿಲ್ಲ, ಹೊರಮೈ ನುಣುಪಾಗಿರುತ್ತದೆ. ಗ್ರೆನ್‌ಫೆಲ್‌ಗೆ ಬಂದದ್ದು ಈ ಮಡಚಿದ ಬಗೆ. ಬೆಂಕಿಯ ಪರೀಕ್ಷೆಯಲ್ಲಿ ರಿವೆಟ್ ಹೊಡೆದ ಹಲಗೆಗಿಂತ ಬಹಳ ಕೆಟ್ಟದಾಗಿ ವರ್ತಿಸುವುದೂ ಇದೇ ಬಗೆ. ಈ ಅಪಾಯದ ನಿಜವಾದ ಪ್ರಮಾಣವನ್ನು ತಯಾರಕ ಕಂಪನಿಯಾದ ಆರ್ಕೋನಿಕ್ ಮಾರುಕಟ್ಟೆಯಿಂದ ಮುಚ್ಚಿಟ್ಟಿತ್ತೆಂದು, ದುರಂತದ ಬಗ್ಗೆ ನಡೆದ ಸಾರ್ವಜನಿಕ ವಿಚಾರಣೆ ನಂತರ ಹೇಳಿತು.

ಇನ್ನು ಕಿಟಕಿ. ಹಳೆಯ ಕಿಟಕಿಗಳು ಕಾಂಕ್ರೀಟಿನ ಸಾಲಿನಲ್ಲೇ ಇದ್ದವು. ಹೊಸ ಹೊದಿಕೆಯಿಂದ ಗೋಡೆ ದಪ್ಪವಾದಾಗ, ಕಿಟಕಿಗಳನ್ನೂ ಮುಂದಕ್ಕೆ ಸರಿಸಿ ಹೊದಿಕೆಯ ಸಮತಲಕ್ಕೆ ತಂದರು. ಹಳೆಯ ಕಾಂಕ್ರೀಟಿಗೂ ಹೊಸ ಚೌಕಟ್ಟಿಗೂ ನಡುವೆ ಹುಟ್ಟಿದ ಸಂದನ್ನು ರಬ್ಬರಿನಂಥ ಪೊರೆ ಮತ್ತು ಉರಿಯಬಲ್ಲ ನಿರೋಧಕ ತುಂಡುಗಳಿಂದ ತುಂಬಿ, ಒಳಗಡೆ ಪ್ಲಾಸ್ಟಿಕ್ ಪಟ್ಟಿ ಹೊಡೆದು ಮುಚ್ಚಲಾಯಿತು. ಮನೆಯೊಳಗೆ ನಿಂತವರಿಗೆ ಅದು ಅಚ್ಚುಕಟ್ಟಾದ ಬಿಳಿಯ ಕಿಟಕಿ. ಅಡುಗೆಮನೆಯ ಸಾಧಾರಣ ಬೆಂಕಿಯ ಶಾಖಕ್ಕೂ ಆ ಪಟ್ಟಿ ಮೆತ್ತಗಾಗಿ ಬಾಗಿದರೆ, ಒಳಗಿನ ಪೆಟ್ಟಿಗೆಯಿಂದ ಹೊರಗಿನ ಹೊದಿಕೆಗೆ ನೇರ ದಾರಿ ತೆರೆಯುತ್ತಿತ್ತು. ನಲವತ್ತು ವರ್ಷ ಉಳಿದುಬಂದಿದ್ದ ವ್ಯವಸ್ಥೆ ಇಷ್ಟು ಚಿಕ್ಕ ಜಾಗದಲ್ಲಿ ಮುರಿದುಬಿತ್ತು.

ಕೊನೆಗೆ, ತುದಿಯ ಅಲಂಕಾರ. ಗೋಪುರದ ನೆತ್ತಿಯ ಸುತ್ತ ಅದೇ ಹಲಗೆಯಿಂದ ಮಾಡಿದ ಲಂಬ ರೆಕ್ಕೆಗಳ ಒಂದು ಸಾಲನ್ನು ಕಿರೀಟದ ಹಾಗೆ ನಿಲ್ಲಿಸಿದರು. ಅದು ಶಾಖ ಉಳಿಸುತ್ತಿರಲಿಲ್ಲ, ಮಳೆ ತಡೆಯುತ್ತಿರಲಿಲ್ಲ, ಯಾರ ಮನೆಗೂ ಸೇರಿರಲಿಲ್ಲ. ದೂರದಿಂದ ಕಾಣುವ ನೋಟಕ್ಕಾಗಿ ಮಾತ್ರ ಇತ್ತು. ಒಂದು ಮುಖದಲ್ಲಿ ಮೇಲೇರಿದ ಬೆಂಕಿ ಉಳಿದ ಮುಖಗಳಿಗೆ ಅಡ್ಡಡ್ಡ ಹಬ್ಬಿದ್ದು ಪ್ರಧಾನವಾಗಿ ಈ ಕಿರೀಟದ ಮೂಲಕ ಎಂದು ವಿಚಾರಣೆಯ ಮೊದಲ ವರದಿ ದಾಖಲಿಸಿದೆ. ಇಡೀ ಪ್ರಕರಣದಲ್ಲಿ ಓದಲು ಅತ್ಯಂತ ಕಷ್ಟವಾಗುವ ವಾಕ್ಯ ನನ್ನ ಮಟ್ಟಿಗೆ ಇದೇ.

ಉಳಿತಾಯವಾದದ್ದು ಎಷ್ಟು

ಮೊದಲಿಗೆ ಯೋಜಿಸಿದ್ದು ಸತುವಿನ ಹೊದಿಕೆ. ವೆಚ್ಚ ತಗ್ಗಿಸುವ ಸುತ್ತಿನಲ್ಲಿ ಅದರ ಬದಲು ಅಲ್ಯೂಮಿನಿಯಂ ಸಂಯುಕ್ತ ಹಲಗೆ ಬಂತು. ಇದರಿಂದ ಸುಮಾರು 3 ಲಕ್ಷ ಪೌಂಡ್‌ವರೆಗೆ ಉಳಿತಾಯವಾಗುತ್ತದೆಂದು ಲೆಕ್ಕ ಕೊಡಲಾಗಿತ್ತು. ಮನೆಯೊಂದಕ್ಕೆ ಹಂಚಿದರೆ ಎರಡೂವರೆ ಸಾವಿರ ಪೌಂಡ್‌ಗೂ ಕಡಿಮೆ. ಅದೇ 2014ರಲ್ಲಿ, ಆಡಳಿತವನ್ನು ದಕ್ಷವಾಗಿ ನಡೆಸಿ ಹಣ ಉಳಿಸಿದ್ದೇವೆಂದು ಕೌನ್ಸಿಲ್ ತನ್ನ ಪೂರ್ತಿ ತೆರಿಗೆ ಕಟ್ಟುವ ನಿವಾಸಿಗಳಿಗೆ ತಲಾ 100 ಪೌಂಡ್ ಹಿಂದಿರುಗಿಸಿತ್ತು. ತೆರಿಗೆಯಲ್ಲಿ ರಿಯಾಯಿತಿ ಪಡೆಯುತ್ತಿದ್ದ ಬಡ ಕುಟುಂಬಗಳಿಗೆ ಆ ಹಣ ಸಿಗಲಿಲ್ಲ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ಸಿಟ್ಟಾಗುವುದು ಸುಲಭ. ಆದರೆ ಇಂಗ್ಲೆಂಡಿನಲ್ಲಿ ಕೌನ್ಸಿಲ್ ಮನೆಗಳ ಬಾಡಿಗೆ ಮತ್ತು ದುರಸ್ತಿಯ ಖಾತೆ ಕಾನೂನಿನ ಪ್ರಕಾರ ಪ್ರತ್ಯೇಕ, ಆದ್ದರಿಂದ ಒಂದರ ಹಣ ತಾನಾಗಿ ಇನ್ನೊಂದಕ್ಕೆ ಹರಿಯುತ್ತಿರಲಿಲ್ಲ. ಈ ವಿವರಣೆ ನಿಜ. ಆ ಪ್ರತ್ಯೇಕ ಖಾತೆಯಿಂದಾಗಿ, ಸಿರಿವಂತ ಬರೋದಲ್ಲಿದ್ದರೂ ಕೌನ್ಸಿಲ್ ಮನೆಯ ನಿವಾಸಿಗೆ ಆ ಸಿರಿತನದಿಂದ ಹೆಚ್ಚೇನೂ ದಕ್ಕುವುದಿಲ್ಲ ಎಂಬುದೂ ಅಷ್ಟೇ ನಿಜ.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಉರಿಯುವ ಹಲಗೆ ಬಡವರ ಮನೆಗೆ ಮಾತ್ರ ಹೋಯಿತು ಎಂದರೆ ಸುಳ್ಳಾಗುತ್ತದೆ. ದುರಂತದ ನಂತರ ಇಂಗ್ಲೆಂಡಿನಲ್ಲಿ ಇಂಥ ಹಲಗೆ ಹೊದ್ದ ಸುಮಾರು 500 ಎತ್ತರದ ಕಟ್ಟಡಗಳು ಪತ್ತೆಯಾದವು. ವಸತಿ ಕಟ್ಟಡಗಳಲ್ಲಿ ಸಾರ್ವಜನಿಕ ವಲಯದವುಗಳಿಗಿಂತ ಖಾಸಗಿಯವೇ ಹೆಚ್ಚಿದ್ದವು. ದುಬೈನ ಐಷಾರಾಮಿ ಗೋಪುರಗಳಲ್ಲೂ ಹೊದಿಕೆ ಹತ್ತಿ ಉರಿದದ್ದುಂಟು. ಕೆಟ್ಟ ವಸ್ತು ಮಾರುಕಟ್ಟೆಯಲ್ಲಿ ಎಲ್ಲರಿಗೂ ಲಭ್ಯವಿತ್ತು. ಅಸಮಾನತೆ ಬೇರೆ ಕಡೆ ಇದೆ: ಅಪಾಯದ ವಾಸನೆ ಬಂದಾಗ ಪ್ರಶ್ನಿಸಿ ಉತ್ತರ ಪಡೆಯುವ ಶಕ್ತಿ ಯಾರಿಗಿದೆ, ಉತ್ತರ ಬಾರದಿದ್ದರೆ ಬೇರೆ ಕಡೆ ಮನೆ ಹುಡುಕಿಕೊಂಡು ಹೋಗುವ ಅನುಕೂಲ ಯಾರಿಗಿದೆ, ವಿಕಲಚೇತನರೊಬ್ಬರಿಗೆ ಹದಿನೆಂಟನೆಯ ಅಂತಸ್ತಿನಲ್ಲಿ ಮನೆ ಕೊಟ್ಟರೆ ಅದನ್ನು ನಿರಾಕರಿಸುವ ಸ್ವಾತಂತ್ರ್ಯ ಯಾರಿಗಿದೆ.

ಕೇಳಿಸದೆ ಹೋದ ಮಾತು

ಗೋಪುರವನ್ನು ಕೌನ್ಸಿಲ್ ನೇರವಾಗಿ ನೋಡಿಕೊಳ್ಳುತ್ತಿರಲಿಲ್ಲ. ಬರೋದ ಎಲ್ಲ ಕೌನ್ಸಿಲ್ ಮನೆಗಳ ನಿರ್ವಹಣೆಯನ್ನು 1996ರಿಂದ ಬಾಡಿಗೆದಾರರ ನಿರ್ವಹಣಾ ಸಂಸ್ಥೆಯೊಂದಕ್ಕೆ ಒಪ್ಪಿಸಲಾಗಿತ್ತು. ಬಾಡಿಗೆದಾರರೇ ನಡೆಸುವ ಸಂಸ್ಥೆ ಎಂಬುದು ಆಕರ್ಷಕ ಕಲ್ಪನೆ. ಆದರೆ ಸಾವಿರಾರು ಮನೆಗಳಿಗೆ ಒಂದೇ ಸಂಸ್ಥೆ ಎಂದಾಗ, ಒಂದು ಗೋಪುರದ ನಿವಾಸಿಗಳ ಪಾಲಿಗೆ ಅದು ಮತ್ತೊಂದು ದೂರದ ಕಚೇರಿಯೇ. ವಾಸ್ತುಶಿಲ್ಪಿಗಳಿಗೆ ಗ್ರಾಹಕ ಈ ಸಂಸ್ಥೆ. ಗುತ್ತಿಗೆದಾರರಿಗೂ ಅದೇ. ಎತ್ತರದ ವಸತಿ ಕಟ್ಟಡಕ್ಕೆ ಹೊದಿಕೆ ಹಾಕಿದ ಅನುಭವವೇ ಇಲ್ಲದ ವಾಸ್ತುಶಿಲ್ಪ ಸಂಸ್ಥೆಗೆ ಈ ಕೆಲಸ ಸಿಕ್ಕಿತ್ತು; ಪಕ್ಕದ ಶಾಲೆ ಮತ್ತು ಕ್ರೀಡಾಕೇಂದ್ರದ ವಿನ್ಯಾಸ ಅದರದೇ ಆಗಿತ್ತು.

ನಿವಾಸಿಗಳು ಸುಮ್ಮನಿರಲಿಲ್ಲ. ಬಿಸಿನೀರಿನ ಉಪಕರಣವನ್ನು ಮನೆಯ ಪ್ರವೇಶದ ಓಣಿಯಲ್ಲಿ ಕೂರಿಸುವುದನ್ನು ವಿರೋಧಿಸಿದರು, ಕಾಮಗಾರಿಯ ಗುಣಮಟ್ಟದ ಬಗ್ಗೆ ದೂರು ಕೊಟ್ಟರು, ಅಗ್ನಿಸುರಕ್ಷೆಯ ಬಗ್ಗೆ ಮತ್ತೆ ಮತ್ತೆ ಬರೆದರು. ದೊಡ್ಡ ಸಾವುನೋವು ಸಂಭವಿಸಿದ ಹೊರತು ನಿರ್ವಹಣಾ ಸಂಸ್ಥೆಯ ಅಸಾಮರ್ಥ್ಯ ಬಯಲಾಗುವುದಿಲ್ಲ ಎಂಬ ಅರ್ಥದಲ್ಲಿ ಗ್ರೆನ್‌ಫೆಲ್ ಆ್ಯಕ್ಷನ್ ಗ್ರೂಪ್ ಎಂಬ ನಿವಾಸಿಗಳ ಗುಂಪು ಎಚ್ಚರಿಸಿದ್ದು 2016ರ ನವೆಂಬರ್‌ನಲ್ಲಿ. ಸಂಸ್ಥೆಯಲ್ಲಿ ಇಂಥವರ ಬಗ್ಗೆ ಇದ್ದ ಭಾವನೆ ಕಿರಿಕಿರಿಯದು. ಕೆಲವರನ್ನು ಜಗಳಗಂಟರೆಂದು ಅದು ಪರಿಗಣಿಸಿತ್ತೆಂದು ವಿಚಾರಣೆಯ ಅಂತಿಮ ವರದಿ ಹೇಳುತ್ತದೆ. ಇಷ್ಟಾದರೂ, ಹೊದಿಕೆಯ ಹಲಗೆಯೊಳಗೆ ಏನಿದೆ ಎಂಬುದು ನಿವಾಸಿಗಳಿಗೆ ತಿಳಿಯುವ ದಾರಿಯೇ ಇರಲಿಲ್ಲ. ಅದನ್ನು ತಿಳಿದಿರಬೇಕಾದವರೇ ತಿಳಿದುಕೊಂಡಿರಲಿಲ್ಲ.

ಆದರೆ ಸರ್ಕಾರಕ್ಕೆ ಸುಳಿವು ಸಿಕ್ಕಿತ್ತು. 2001ರಲ್ಲಿ ಸರ್ಕಾರಕ್ಕಾಗಿಯೇ ನಡೆದ ಪರೀಕ್ಷೆಯೊಂದರಲ್ಲಿ ಪಾಲಿಎಥಿಲೀನ್ ತಿರುಳಿನ ಹಲಗೆ ನಿಮಿಷಗಳಲ್ಲಿ ಭೀಕರವಾಗಿ ಹೊತ್ತಿ ಉರಿದಿತ್ತು. ಆ ಫಲಿತಾಂಶ ಪ್ರಕಟವಾಗಲಿಲ್ಲ. 2009ರಲ್ಲಿ ದಕ್ಷಿಣ ಲಂಡನ್ನಿನ ಲಕನಾಲ್ ಹೌಸ್ ಎಂಬ ವಸತಿ ಕಟ್ಟಡದ ಬೆಂಕಿಯಲ್ಲಿ ಆರು ಜನ ಸತ್ತ ನಂತರ, ಕಟ್ಟಡ ನಿಯಮಗಳ ಮಾರ್ಗದರ್ಶಿಯನ್ನು ಸ್ಪಷ್ಟಗೊಳಿಸಬೇಕೆಂದು ಮರಣ ವಿಚಾರಣಾಧಿಕಾರಿ 2013ರಲ್ಲಿ ಸೂಚಿಸಿದ್ದರು. ಮಾರ್ಗದರ್ಶಿ ಹಾಗೇ ಉಳಿಯಿತು. ಅದರಲ್ಲಿದ್ದ ಹಳೆಯ ಅಗ್ನಿಸುರಕ್ಷಾ ದರ್ಜೆಯು, ಹಲಗೆಯ ಮೇಲ್ಮೈ ಬೆಂಕಿಗೆ ಹೇಗೆ ವರ್ತಿಸುತ್ತದೆ ಎಂಬುದನ್ನೇ ಮುಖ್ಯವಾಗಿ ನೋಡುತ್ತಿತ್ತು. ಅಲ್ಯೂಮಿನಿಯಂ ಮೇಲ್ಮೈ ಆ ಪರೀಕ್ಷೆಯನ್ನು ಸಲೀಸಾಗಿ ದಾಟುತ್ತದೆ.

ಆ ರಾತ್ರಿ 12.54ಕ್ಕೆ ನಾಲ್ಕನೆಯ ಅಂತಸ್ತಿನಿಂದ ಅಗ್ನಿಶಾಮಕ ದಳಕ್ಕೆ ಮೊದಲ ಕರೆ ಹೋಯಿತು. ಕಿಟಕಿಯ ಸಂದಿನಿಂದ ಹೊರಬಿದ್ದ ಬೆಂಕಿ ಇಪ್ಪತ್ತು ನಿಮಿಷಗಳ ಆಸುಪಾಸಿನಲ್ಲೇ ಪೂರ್ವ ಮುಖದ ತುದಿ ಮುಟ್ಟಿತು. ಮನೆಯಲ್ಲೇ ಇರಿ ಎಂಬ ಸೂಚನೆಯನ್ನು ಕೈಬಿಟ್ಟದ್ದು 2.47ಕ್ಕೆ, ಅಷ್ಟರಲ್ಲಿ ಆ ಒಂದೇ ಮೆಟ್ಟಿಲು ಹೊಗೆಯಿಂದ ತುಂಬಿತ್ತು. ಗೋಪುರದಲ್ಲಿ ವಾಸವಿದ್ದ 37 ವಿಕಲಚೇತನರಲ್ಲಿ 15 ಮಂದಿ ಸತ್ತರು.

ನಂತರದ ಬಿಲ್ಲು

ಸರ್ ಮಾರ್ಟಿನ್ ಮೂರ್-ಬಿಕ್ ಅಧ್ಯಕ್ಷತೆಯ ವಿಚಾರಣೆ 2019ರ ಅಕ್ಟೋಬರ್‌ನಲ್ಲಿ ಮೊದಲ ವರದಿಯನ್ನೂ 2024ರ ಸೆಪ್ಟೆಂಬರ್ 4ರಂದು ಅಂತಿಮ ವರದಿಯನ್ನೂ ಕೊಟ್ಟಿತು. ಎಲ್ಲ ಸಾವುಗಳೂ ತಪ್ಪಿಸಬಹುದಾಗಿದ್ದವು ಎಂಬುದು ಅದರ ನಿಲುವು. ಸರ್ಕಾರ ಮತ್ತು ಉದ್ಯಮದ ದಶಕಗಳ ವೈಫಲ್ಯವನ್ನೂ, ಹಲಗೆ ಮತ್ತು ನಿರೋಧಕಗಳನ್ನು ತಯಾರಿಸಿ ಮಾರಿದವರ ವ್ಯವಸ್ಥಿತ ಅಪ್ರಾಮಾಣಿಕತೆಯನ್ನೂ ಅದು ಹೆಸರಿಸಿ ಹೇಳಿತು. 2018ರ ಡಿಸೆಂಬರ್‌ನಿಂದ 18 ಮೀಟರಿಗಿಂತ ಎತ್ತರದ ಹೊಸ ವಸತಿ ಕಟ್ಟಡಗಳ ಹೊರಗೋಡೆಯಲ್ಲಿ ಉರಿಯುವ ವಸ್ತುಗಳಿಗೆ ನಿಷೇಧ ಬಂತು, 2022ರಲ್ಲಿ ಕಟ್ಟಡ ಸುರಕ್ಷಾ ಕಾಯಿದೆ ಬಂತು.

ಆದರೆ ಈಗಾಗಲೇ ಹೊದಿಸಿದ ಹಲಗೆಗಳನ್ನು ಕಿತ್ತು ಬದಲಿಸುವ ಖರ್ಚು ಯಾರದು? ಮೊದಲ ವರ್ಷಗಳಲ್ಲಿ ಅದು ಬಂದು ಬಿದ್ದದ್ದು, ಹೊದಿಕೆಯ ಆಯ್ಕೆಯಲ್ಲಿ ಯಾವ ಪಾತ್ರವೂ ಇಲ್ಲದ, ದೀರ್ಘ ಗುತ್ತಿಗೆಯ ಮೇಲೆ ಮನೆ ಕೊಂಡ ಮಧ್ಯಮ ವರ್ಗದವರ ಮೇಲೆ. ಸಾಲ ತೀರದ ಮನೆಯನ್ನು ಮಾರಲೂ ಆಗದೆ, ರಾತ್ರಿಯಿಡೀ ಬೆಂಕಿ ಕಾಯುವ ಕಾವಲುಗಾರರ ಸಂಬಳವನ್ನೂ ಹಂಚಿಕೊಂಡು ಅವರು ವರ್ಷಗಟ್ಟಲೆ ಕಳೆದರು; 2022ರ ಕಾಯಿದೆ ಅವರಲ್ಲಿ ಹಲವರಿಗೆ, ಎಲ್ಲರಿಗೂ ಅಲ್ಲ, ರಕ್ಷಣೆ ಕೊಟ್ಟಿತು. 11 ಮೀಟರಿಗಿಂತ ಎತ್ತರದ 9,000ದಿಂದ 12,000 ವಸತಿ ಕಟ್ಟಡಗಳಿಗೆ ದುರಸ್ತಿ ಬೇಕಾಗಬಹುದು, ಅದಕ್ಕೆ 1,260 ಕೋಟಿಯಿಂದ 2,240 ಕೋಟಿ ಪೌಂಡ್ ತಗಲಬಹುದು ಎಂದು ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2024ರ ನವೆಂಬರ್‌ನಲ್ಲಿ ಅಂದಾಜಿಸಿತು. ಇದಕ್ಕೆ ಇಂಗಾಲದ ಲೆಕ್ಕವೂ ಸೇರಬೇಕು. ತಯಾರಿಸಲು ಅಪಾರ ವಿದ್ಯುತ್ ಬೇಡುವ ಅಲ್ಯೂಮಿನಿಯಂ ಹಲಗೆಗಳನ್ನು ಅವುಗಳ ಆಯುಷ್ಯ ಮುಗಿಯುವ ಎಷ್ಟೋ ವರ್ಷ ಮೊದಲೇ ಕಿತ್ತೆಸೆದು ಹೊಸದನ್ನು ಹಾಕಬೇಕಾಗಿದೆ. ಶಾಖ ಉಳಿತಾಯದ ಹೆಸರಿನಲ್ಲಿ ನಡೆದ ಅಗ್ಗದ ಕೆಲಸದ ಪರಿಸರ ವೆಚ್ಚ ಯಾವ ಕಟ್ಟಡದ ಇಂಧನ ಪ್ರಮಾಣಪತ್ರದಲ್ಲೂ ಕಾಣಿಸುವುದಿಲ್ಲ.

ತಾವಾಗಿ ಮೆಟ್ಟಿಲಿಳಿಯಲಾಗದ ನಿವಾಸಿಗಳಿಗೆ ವೈಯಕ್ತಿಕ ತೆರವು ಯೋಜನೆ ಇರಬೇಕೆಂಬುದು 2019ರ ವರದಿಯ ಶಿಫಾರಸು. ಪ್ರಾಯೋಗಿಕವಲ್ಲ, ವೆಚ್ಚಕ್ಕೆ ತಕ್ಕುದಲ್ಲ ಎಂಬ ಕಾರಣಗಳನ್ನು ಕೊಟ್ಟು ಸರ್ಕಾರ ಅದನ್ನು 2022ರಲ್ಲಿ ಬದಿಗಿಟ್ಟಿತ್ತು. ನಿಲುವು ಬದಲಾಗಿ, ಸಂಬಂಧಿಸಿದ ನಿಯಮಗಳು ರೂಪುಗೊಂಡದ್ದು 2025ರಲ್ಲಿ. ಅವು ಜಾರಿಗೆ ಬರುವ ದಿನ 2026ರ ಏಪ್ರಿಲ್ 6 ಎಂದು ನಿಗದಿಯಾಯಿತು. ಗೋಪುರವನ್ನು ಹಂತಹಂತವಾಗಿ ಬಿಚ್ಚಿ ತೆಗೆಯುವ ತೀರ್ಮಾನ 2025ರ ಫೆಬ್ರುವರಿಯಲ್ಲಿ ಪ್ರಕಟವಾದಾಗ, ತಮ್ಮ ಮಾತನ್ನು ಕೇಳಿಸಿಕೊಂಡಿಲ್ಲವೆಂದು ಮೃತರ ಕೆಲವು ಕುಟುಂಬಗಳು ಆಗಲೂ ದೂರಿದವು.

ಲ್ಯಾಂಕಾಸ್ಟರ್ ವೆಸ್ಟ್‌ನ ಉಳಿದ ಮನೆಗಳಲ್ಲಿ ಈಗ ಮತ್ತೊಂದು ನವೀಕರಣ ನಡೆದಿದೆ. 2018ರ ಮಾರ್ಚ್‌ನಲ್ಲಿ ನಿರ್ವಹಣೆ ಕೌನ್ಸಿಲ್ಲಿಗೆ ಮರಳಿದ ನಂತರ ಸಮುಚ್ಚಯಕ್ಕೇ ಮೀಸಲಾದ ತಂಡವೊಂದು ರೂಪುಗೊಂಡು, 2030ರ ವೇಳೆಗೆ ಇಡೀ ಸಮುಚ್ಚಯವನ್ನು ಇಂಗಾಲ ತಟಸ್ಥಗೊಳಿಸುವ ಗುರಿಯಿಟ್ಟುಕೊಂಡು, ನಿವಾಸಿಗಳ ಜೊತೆ ಕೂತು ವಿನ್ಯಾಸ ಮಾಡುವ ಕ್ರಮವನ್ನು ಅನುಸರಿಸುತ್ತಿದೆ. ಗುರಿಯಲ್ಲಿ ಹೊಸದೇನೂ ಇಲ್ಲ: ಬೆಚ್ಚಗಿನ ಗೋಡೆ, ಒಳ್ಳೆಯ ಕಿಟಕಿ, ಕಡಿಮೆ ಇಂಧನ. ಈ ಸಲ ಗೋಡೆಗೆ ಹಚ್ಚುವ ಹಲಗೆ ಯಾವುದು, ಅದು ಯಾವ ಪರೀಕ್ಷೆ ದಾಟಿದೆ ಎಂದು ನಿವಾಸಿಗಳು ಕೇಳಿದರೆ ಉತ್ತರ ಕೊಡದೆ ಕೆಲಸ ಮುಂದುವರಿಸುವುದು ಯಾವ ಎಂಜಿನಿಯರಿಗೂ ಸಾಧ್ಯವಾಗದು.